ಓರೆಗೇರಿಗೆ ಪ್ರಯಾಣಸನ್ನಾಹ

ಪ್ರಯಾಣಕ್ಕಿಂತಲೂ ಪ್ರಯಾಣದ ಸನ್ನಾಹವೇ ಹೆಚ್ಚು ಸೊಗಸೆಂದು ನಂಬಿರುವ ಜನರ ಪಂಗಡಕ್ಕೆ ನಾನು ಸೇರಿದವನು. ಮೈಸೂರಿನ ದಸರೆಗೆ ಹೋಗಬೇಕಾದರೆ ಹದಿನೈದು ದಿನ ಮುಂಚಿನಿಂದಲೆ ರೈಲಿನ ವೇಳೆ, ತಿಂಡಿಯ ಡಬ್ಬಿ, ಜಂಬೂಸವಾರಿಯ ದಿನ ಎಷ್ಟು ಹೊತ್ತಿಗೆ ಯಾವ ಮರದ ನೆರಳಿನಲ್ಲಿ ಜಾಗ ಹಿಡಿಯಬೇಕು, ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿದವನಿಗೆ ಇದು ಸಹಜವಾಗಿ ಅಂಟಿದ ಜಾಡ್ಯ. ನನ್ನಾಕೆ ಆ ಹಾಳೆಯನ್ನು ಪಂಚಾಂಗವೆಂದು ಕರೆಯುತ್ತಿದ್ದಳು. ಒಂದು ಸಲ ಅದನ್ನು ಮನೆಯಲ್ಲಿಯೇ ಮರೆತು ರೈಲುನಿಲ್ದಾಣದಲ್ಲಿ ನಾನು ಪೇಚಾಡುತ್ತಿದ್ದಾಗ, "ಪಂಚಾಂಗ ಹೋದರೆ ನಕ್ಷತ್ರ ಹೋದೀತೆ? ಬನ್ನಿ, ಹತ್ತೋಣ" ಎಂದು ಕೈಹಿಡಿದು ಎಳೆದುಕೊಂಡು ಹೋಗಿದ್ದಳು.

ಪ್ರಕೃತ ನಾನು ಹೇಳಹೊರಟಿರುವ ಹಾಳೆ ದಸರೆಯದಲ್ಲ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಆರ್ಲಂಡೊ ಎಂಬ ಪಟ್ಟಣವಿದೆ. ಅಲ್ಲಿ ಯೂನಿವರ್ಸಲ್ ಎಂಬ ಸಂಸ್ಥೆಯವರ ಎರಡು ದೊಡ್ಡ ವಿನೋದೋದ್ಯಾನಗಳು ಒಂದಕ್ಕೊಂದು ಮಗ್ಗುಲಲ್ಲಿವೆ. ಜೆ. ಕೆ. ರೋಲಿಂಗ್ ಎಂಬ ಆಂಗ್ಲ ಲೇಖಕಿ 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಹ್ಯಾರಿ ಪಾಟರ್ ಎಂಬ ಮಾಂತ್ರಿಕ ಬಾಲಕನ ಕಥೆಯನ್ನು ವಾಚಕರು ತಾವು ಓದಿರದಿದ್ದರೂ ಮನೆಯ ಮಕ್ಕಳ ಕೈಯಲ್ಲಿ ಕಂಡಿರಬಹುದು. ಆ ಕಥೆಯ ಹಾಗ್ಸ್‌ಮೀಡ್ ಎಂಬ ಹಳ್ಳಿಯನ್ನೂ ಹಾಗ್ವಾರ್ಟ್ಸ್ ಎಂಬ ಮಾಂತ್ರಿಕ ವಿದ್ಯಾಶಾಲೆಯ ಕೋಟೆಯನ್ನೂ 2010ರ ಜೂನ್ 18ರಂದು ಒಂದು ಉದ್ಯಾನದಲ್ಲಿ ತೆರೆದರು. ಮಾಂತ್ರಿಕರ ಅಂಗಡಿಬೀದಿಯಾದ ಡಯಾಗನ್ ಆಲಿಯನ್ನು 2014ರ ಜುಲೈ 8ರಂದು ಮತ್ತೊಂದರಲ್ಲಿ ತೆರೆದರು. ಎರಡರ ನಡುವೆ ಕಥೆಯಲ್ಲಿರುವಂಥದೇ ರೈಲು ಓಡುತ್ತದೆ. 2025ರ ಮೇ 22ರಂದು ಅದೇ ಊರಿನಲ್ಲಿ ಹೊಸದೊಂದು ಉದ್ಯಾನವೂ ತೆರೆದು, ಅದರಲ್ಲಿ ಮಾಂತ್ರಿಕರ ಸರ್ಕಾರದ ಕಚೇರಿಯನ್ನೇ ಕಟ್ಟಿಟ್ಟಿದ್ದಾರೆ. ನಾವು ಹೋದದ್ದು 2023ರಲ್ಲಿ. ಆದುದರಿಂದ ಅದು ನನ್ನ ಕಥೆಗೆ ಸೇರಿದ್ದಲ್ಲ.

ನನ್ನ ಮಗಳು ಅಳಿಯ ಇರುವುದು ಟ್ಯಾಂಪಾ ನಗರದಲ್ಲಿ. ಅಲ್ಲಿಂದ ಆರ್ಲಂಡೊ ಸುಮಾರು 85 ಮೈಲಿ. ನಮ್ಮ ಮನೆ ಹಾಸನದಲ್ಲಿ. ಮೊಮ್ಮಗಳಿಗೆ ಐದು ವರ್ಷ ತುಂಬಿದ ಮೇಲೆ ಪ್ರತಿ ಭಾನುವಾರ ನಮಗೆ ಸಂಜೆಯಾಗಿ ಅವರಿಗೆ ಬೆಳಗಾಗುವ ಹೊತ್ತಿನಲ್ಲಿ ಮುಖ ಕಾಣುವ ಫೋನಿನಲ್ಲಿ ಮಾತುಕತೆ ನಡೆಯುತ್ತಿದ್ದಿತು. ರಾತ್ರಿ ಮಲಗುವಾಗ ತಾಯಿ ಓದಿ ಹೇಳಿದ ಕಥೆಯನ್ನು ಹುಡುಗಿ ಭಾನುವಾರ ತನ್ನ ಅಜ್ಜಿಗೆ ಒಪ್ಪಿಸುವಳು. ಭಾಷೆ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನನ್ನಾಕೆಗೆ ಇಂಗ್ಲಿಷು ಬಾರದು. ಆದರೆ ಅರ್ಥವಾಗದ ಹೆಸರು ಬಂದರೆ ಅವಳು ಸುಮ್ಮನಿರತಕ್ಕವಳಲ್ಲ. "ಡಯಾಗನ್ ಆಲಿ ಅಂದ್ರೇನೇ?" ಎಂದು ಕೇಳುವಳು. "ಸೊಟ್ಟಗೆ, ಓರೆಯಾಗಿ ಹೋಗೋದು ಅಜ್ಜಿ." "ಹಾಗಾದರೆ ಓರೆಗೇರಿ ಅನ್ನು." ಅಂದಿನಿಂದ ಅದು ಓರೆಗೇರಿಯೇ ಆಯಿತು. ಶಾಲೆಯ ಕಾವಲುಗಾರನಾದ ದೈತ್ಯಾಕಾರದ ಹ್ಯಾಗ್ರಿಡ್ ಗಡ್ಡದ ಭೀಮನಾದನು. ಮುಖ್ಯೋಪಾಧ್ಯಾಯರು ಅರ್ಧಚಂದ್ರ ಕನ್ನಡಕದ ಗುರುಗಳು. ಜಿಡ್ಡುಗೂದಲಿನ ಸಿಡುಕು ಮೇಷ್ಟರೊಬ್ಬರ ವರ್ಣನೆ ಬಂದಾಗ ನನ್ನಾಕೆ ನನ್ನ ಕಡೆ ಒಮ್ಮೆ ನೋಡಿ, "ಗಣಿತದ ಮೇಷ್ಟರೇ ಇರಬೇಕು" ಎಂದಳು. ಅಲ್ಲಿ ಟಪಾಲು ತರುವುದು ಗೂಬೆಗಳೆಂದು ಕೇಳಿದಾಗ ಮಾತ್ರ ಸ್ವಲ್ಪ ತೊಡಕಾಯಿತು. ಗೂಬೆ ಮನೆಹೊಕ್ಕರೆ ಶಾಂತಿ ಮಾಡಿಸಬೇಕು, ಗಿಳಿಯೆಂದು ಮಾಡಿಕೊಳ್ಳೋಣವೆ ಎಂದು ಆಕೆ. ಗೂಬೆಯೇ ಆಗಬೇಕೆಂದು ಈಕೆ. ಕೊನೆಗೆ ಗೂಬೆಯೇ ಬರಲಿ, ಆದರೆ ಜಗಲಿಯವರೆಗೆ ಮಾತ್ರ ಎಂದು ರಾಜಿಯಾಯಿತು. ಮಂತ್ರದಂಡದ ಪ್ರಕರಣ ಬಂದ ದಿನ ನನ್ನಾಕೆ ಅಡಿಗೆಮನೆಯಿಂದ ಕಡಗೋಲು ತಂದು ಫೋನಿನ ಮುಂದೆ ಬೀಸಿದಳು. ಅಲ್ಲಿ ಹುಡುಗಿ ಕಿರಿಚಿಕೊಂಡು ಮಂಚದ ಮೇಲೆ ಬಿದ್ದಳು.

ನಾನು ಆಗ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತಿರುತ್ತಿದ್ದೆ. ಹ್ಯಾರಿ ಪಾಟರನ ವಿಷಯದಲ್ಲಿ ನನಗಿರುವ ಜ್ಞಾನವೆಲ್ಲ ಹೀಗೆ ಪತ್ರಿಕೆಯ ಅಂಚಿನಿಂದ ಕಿವಿಗೆ ಬಿದ್ದದ್ದು. ಮುಕ್ಕಾಲು ಗಂಟೆ ಕಳೆದಮೇಲೆ, "ಇನ್ನು ಸಾಕು, ಊಟಕ್ಕೆ ಹೊತ್ತಾಯಿತು" ಎಂದು ಹೇಳುವುದು ನನ್ನ ಪಾತ್ರ.

2019ರ ಡಿಸೆಂಬರಿಗೆ ಬನ್ನಿರೆಂದು ಮಗಳು ಒತ್ತಾಯ ಮಾಡಿದಳು. ಕ್ರಿಸ್‌ಮಸ್ ರಜೆಯಲ್ಲಿ ಅಜ್ಜಿಯನ್ನು ಓರೆಗೇರಿಗೆ ಕರೆದುಕೊಂಡು ಹೋಗಬೇಕೆಂದು ಹುಡುಗಿಯ ಹಟ. ನಾನು ಪದ್ಧತಿಯ ಮೇರೆ ವಿಚಾರಿಸಿದೆ. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಣ ವಾರವೇ ಆ ಉದ್ಯಾನಗಳಲ್ಲಿ ಅತ್ಯಂತ ಹೆಚ್ಚು ಜನ ಸೇರುವ ಕಾಲವೆಂದು ತಿಳಿಯಿತು. ಅದೇ ವರ್ಷದ ಜೂನ್ 13ರಂದು ಅಲ್ಲಿ ಗಡ್ಡದ ಭೀಮನ ಮೋಟಾರು ಸೈಕಲ್ಲಿನ ಸವಾರಿಯೊಂದು ಹೊಸದಾಗಿ ತೆರೆದಿದ್ದಿತು. ತೆರೆದ ದಿನ ಸಾಲಿನಲ್ಲಿ ಕಾಯಬೇಕಾದ ಹೊತ್ತು 10 ಗಂಟೆಗಳಿಗೆ ಮುಟ್ಟಿತೆಂದು ಓದಿ ನನಗೆ ಎದೆ ಝಲ್ಲೆಂದಿತು. ಮಂಡಿನೋವಿನ ಹೆಂಡತಿಯನ್ನು ಆ ನೂಕುನುಗ್ಗಲಿಗೆ ಕರೆದೊಯ್ಯುವುದೆ? ಅಲ್ಲಿಯ ವಸಂತದ ರಜೆ ಮುಗಿದು ಬೇಸಗೆಯ ರಜೆ ಇನ್ನೂ ಮೊದಲಾಗದಿರುವ ಏಪ್ರಿಲ್ ತಿಂಗಳ ಕೊನೆಯೇ ಸರಿಯೆಂದು ಲೆಕ್ಕ ಹಾಕಿ, 2020ರ ಏಪ್ರಿಲ್ ಮೂರನೆಯ ವಾರಕ್ಕೆ ವಿಮಾನದ ಟಿಕೆಟ್ಟು ಕೊಂಡೆ. "ಜನ ಇದ್ದರೆ ಇರಲಿ ಬಿಡಿ. ಜಾತ್ರೆಗೆ ಜನ ಬರದೆ ಇನ್ನೇನು ಬಂದೀತು?" ಎಂದಳು ನನ್ನಾಕೆ. ನಾನು ನಕ್ಕೆ. ಆ ಸಲದ ಪಂಚಾಂಗ ನಾನು ಬರೆದವುಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾಗಿದ್ದಿತು.

ಆಮೇಲೆ ಏನಾಯಿತೆಂಬುದನ್ನು ಹೇಳತಕ್ಕ ಅಗತ್ಯವಿಲ್ಲ. 2020ರ ಮಾರ್ಚ್ 16ರಿಂದ ಆ ಉದ್ಯಾನಗಳು ಮುಚ್ಚಿದವು. 22ರಿಂದ ನಮ್ಮ ದೇಶಕ್ಕೆ ಪರದೇಶದ ವಿಮಾನಗಳು ಬರುವುದು ನಿಂತಿತು. ಉದ್ಯಾನಗಳು ಜೂನ್ 5ಕ್ಕೆ ಮತ್ತೆ ತೆರೆದವು. ನಮಗೆ ಹೋಗುವ ದಾರಿ ತೆರೆಯಲಿಲ್ಲ. 2021ರಲ್ಲಿ ನನ್ನಾಕೆ ತೀರಿಕೊಂಡಳು.

ನಾನೊಬ್ಬನೇ ಟ್ಯಾಂಪಾ ನಗರಕ್ಕೆ ಹೋದದ್ದು 2023ರ ನವೆಂಬರಿನಲ್ಲಿ. ಏಳು ವರ್ಷದವಳಾಗಿದ್ದ ಹುಡುಗಿಗೆ ಹನ್ನೊಂದು ತುಂಬುತ್ತ ಬಂದಿದ್ದಿತು. ಕಥೆಯಲ್ಲಿ ಹ್ಯಾರಿಗೆ ಮಾಂತ್ರಿಕಶಾಲೆಯಿಂದ ಓಲೆ ಬರುವುದೂ ಹನ್ನೊಂದಕ್ಕೆ. ನಾವು ಉದ್ಯಾನಕ್ಕೆ ಹೋಗುವುದೆಂದು ಮಗಳು ಮೊದಲೇ ನಿಶ್ಚಯಿಸಿಬಿಟ್ಟಿದ್ದಳು. ಅವಳಿಗೂ ಅಳಿಯನಿಗೂ ಒಟ್ಟಿಗೆ ರಜೆ ದೊರೆತದ್ದು ಡಿಸೆಂಬರ್ 28ಕ್ಕೆ. ಯಾವ ವಾರವನ್ನು ನಾನು ನಾಲ್ಕು ವರ್ಷದ ಕೆಳಗೆ ಜಾಣತನದಿಂದ ತಪ್ಪಿಸಿದ್ದೆನೋ ಅದೇ ವಾರ. ನಾನು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಮಗಳು ನನ್ನ ಜಾಡ್ಯವನ್ನು ಪೂರ್ತಿಯಾಗಿ ಪಡೆದುಕೊಂಡವಳು. ಅಷ್ಟೇ ಅಲ್ಲ, ಗಣಕಯಂತ್ರದ ಸಹಾಯದಿಂದ ಅದನ್ನು ಬೆಳೆಸಿದವಳು. ಊಟದ ಮೇಜಿನ ಮೇಲೆ ಅವಳು ತೋರಿಸಿದ ಪಟ್ಟಿಯಲ್ಲಿ ಕಾಲುಕಾಲು ಗಂಟೆಗೊಂದು ಮನೆ ಇದ್ದಿತು. ಒಂದು ಉದ್ಯಾನಕ್ಕೆ ಮಾತ್ರ ಟಿಕೆಟ್ಟು ಕೊಂಡರೆ ರೈಲು ಹತ್ತುವಂತಿಲ್ಲ. ಏಕೆಂದರೆ ರೈಲಿನ ಎರಡು ನಿಲ್ದಾಣಗಳು ಎರಡು ಉದ್ಯಾನಗಳಲ್ಲಿವೆ. ಆದುದರಿಂದ ಎರಡಕ್ಕೂ ಸಲ್ಲುವ ಟಿಕೆಟ್ಟೇ ಆಗಬೇಕು. ಅವರದೇ ವಸತಿಗೃಹದಲ್ಲಿ ಇಳಿದವರನ್ನು ಆಗ ಇತರರಿಗಿಂತ ಒಂದು ಗಂಟೆ ಮುಂಚಿತವಾಗಿ ಒಳಗೆ ಬಿಡುತ್ತಿದ್ದರು. ಆ ಒಂದು ಗಂಟೆಗಾಗಿಯೇ ಹಿಂದಿನ ರಾತ್ರಿಗೆ ಕೋಣೆ ಹಿಡಿದಿದ್ದಳು. ಸಾಲನ್ನು ತಪ್ಪಿಸಿ ಬೇರೆ ಬಾಗಿಲಿನಿಂದ ಬೇಗನೆ ಹೋಗಲು ಒಂದು ವಿಶೇಷ ಚೀಟಿಯುಂಟು. ಹಬ್ಬದ ದಿನಗಳಲ್ಲಿ ಅದರ ಬೆಲೆ ಟಿಕೆಟ್ಟಿನ ಬೆಲೆಯನ್ನೂ ಮೀರುವುದುಂಟು. ಆ ಚೀಟಿ ಆಗ ಗಡ್ಡದ ಭೀಮನ ಸವಾರಿಗೆ ನಡೆಯುತ್ತಿರಲಿಲ್ಲ. ಆದುದರಿಂದ ಅದರ ಮಾತು ಬಿಟ್ಟೆವು. ಇನ್ನು ಎತ್ತರದ ಕಟ್ಟಳೆಗಳು. ಕೋಟೆಯೊಳಗಣ ಸವಾರಿಗೂ ಭೀಮನ ಸವಾರಿಗೂ 48 ಅಂಗುಲ. ಓರೆಗೇರಿಯ ಬ್ಯಾಂಕಿನ ಸವಾರಿಗೆ 42. ಮಕ್ಕಳ ಸಣ್ಣ ಸವಾರಿಯೊಂದಕ್ಕೆ 36. ಅಡಿಗೆಮನೆಯ ಬಾಗಿಲಿನ ಚೌಕಟ್ಟಿನಲ್ಲಿ ಹುಡುಗಿಯ ಎತ್ತರವನ್ನು ವರ್ಷ ವರ್ಷ ಗೆರೆ ಎಳೆದು ಗುರುತಿಸಿದ್ದರು. 2020ರ ಗೆರೆ 46ರಲ್ಲಿ ಇದ್ದಿತು. ಈಗಿನದು 54.

"ಈಗ ಅವಳು ಎಲ್ಲದಕ್ಕೂ ಹತ್ತಬಹುದು ಅಪ್ಪ. ಒಂದೇ ದಿನ. ಒಂದನ್ನೂ ಬಿಡಬಾರದು" ಎಂದಳು ಮಗಳು.

ಮೇಷ್ಟರ ಚಪಲ ನನಗೆ ಇನ್ನೂ ಹೋಗಿಲ್ಲ. ಸಾಲಿನ ಗಣಿತವನ್ನು ಹುಡುಗಿಗೆ ಹೇಳಿಕೊಡಲು ಕುಳಿತೆ. ಈ ಶಾಸ್ತ್ರಕ್ಕೆ ಮೊದಲು ತಳಹದಿ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ. ಕೋಪನ್‌ಹೇಗನ್ನಿನ ಟೆಲಿಫೋನು ಕರೆಗಳನ್ನು ಕುರಿತು ಅವನು ಬರೆದ ಲೇಖನ 1909ರಲ್ಲಿ ಪ್ರಕಟವಾಯಿತು. ಜಾನ್ ಲಿಟಲ್ ಎಂಬ ಅಮೆರಿಕದ ಪಂಡಿತ 1961ರಲ್ಲಿ ಸಿದ್ಧಪಡಿಸಿದ ನಿಯಮವಂತೂ ಎಂಟನೆಯ ತರಗತಿಯ ಹುಡುಗರಿಗೂ ತಿಳಿಯುವಷ್ಟು ಸುಲಭ. ಗಂಟೆಗೆ ಬಂದು ಸೇರುವವರ ಸರಾಸರಿ ಸಂಖ್ಯೆಯನ್ನು ಒಬ್ಬೊಬ್ಬನು ಒಳಗಿರುವ ಸರಾಸರಿ ಕಾಲದಿಂದ ಗುಣಿಸಿದರೆ ಒಳಗೆ ಎಷ್ಟು ಜನ ಇದ್ದಾರೆಂಬುದು ಬರುತ್ತದೆ. ಒಂದು ಸವಾರಿ ಗಂಟೆಗೆ 1,500 ಜನರನ್ನು ಕಳುಹಿಸುತ್ತದೆಯೆಂದೂ ನಿನ್ನ ಮುಂದೆ 3,000 ಜನ ನಿಂತಿದ್ದಾರೆಂದೂ ಇಟ್ಟುಕೋ. ನಿನ್ನ ಸರದಿಗೆ ಎರಡು ಗಂಟೆ. ಇದರಿಂದ ತಿಳಿಯತಕ್ಕದ್ದೇನು? ಸಾಲು ಹುಟ್ಟುವುದಕ್ಕೆ ಮುಂಚೆ ಹೋಗಬೇಕು, ಇಲ್ಲವೆ ಹೊಸಬರು ಬರುವುದು ನಿಂತ ಮೇಲೆ ಹೋಗಬೇಕು. ಎಂದರೆ ಬೆಳಗಿನ ಮೊದಲ ಗಂಟೆ ಮತ್ತು ರಾತ್ರಿಯ ಕೊನೆಯ ಗಂಟೆ, ಇವೆರಡೇ ಆ ದಿನದಲ್ಲಿ ಬಂಗಾರ. ಮುಚ್ಚುವ ಹೊತ್ತಿಗೆ ಮುಂಚೆ ಸಾಲು ಸೇರಿದವರನ್ನು ಸಾಮಾನ್ಯವಾಗಿ ಸವಾರಿಗೆ ಬಿಡುತ್ತಾರೆ. ಡೇವಿಡ್ ಮೈಸ್ಟರ್ ಎಂಬಾತ 1985ರಲ್ಲಿ ಬರೆದ ಇನ್ನೊಂದು ಮಾತನ್ನೂ ಸೇರಿಸಿದೆ: ಕೈಗೆ ಕೆಲಸವಿದ್ದಾಗ ಕಾಯುವುದು ಚಿಕ್ಕದೆಂದು ತೋರುತ್ತದೆ, ಸುಮ್ಮನೆ ನಿಂತರೆ ದೀರ್ಘವಾಗುತ್ತದೆ. ಆ ಉದ್ಯಾನವನ್ನು ಕಟ್ಟಿದವರಿಗೂ ಈ ಗುಟ್ಟು ತಿಳಿದಿದೆ. ಕೋಟೆಯ ಸಾಲು ಮಾತನಾಡುವ ಚಿತ್ರಪಟಗಳ ಕೋಣೆಯೊಳಗಿಂದ ಹಾಯುತ್ತದೆ. ಬ್ಯಾಂಕಿನ ಸಾಲಿನ ಎರಡು ಕಡೆಯೂ ಯಂತ್ರದ ಕುಳ್ಳ ಗುಮಾಸ್ತರು ಲೆಕ್ಕ ಬರೆಯುತ್ತ ಕುಳಿತಿರುತ್ತಾರೆ.

ಹುಡುಗಿ ಎಲ್ಲವನ್ನೂ ಕೇಳಿದಳು. ಆಮೇಲೆ ಎದ್ದು ಹೋಗಿ, ಮೊದಲನೆಯ ಸಂಪುಟದ ಹಾಳೆಗಳ ನಡುವಿನಿಂದ ಮಡಿಚಿದ ಕಾಗದವೊಂದನ್ನು ತಂದು ತನ್ನ ತಾಯಿಯ ಪಟ್ಟಿಯ ಪಕ್ಕದಲ್ಲಿಟ್ಟಳು.

ಅದು ಚೌಕುಳಿಯ ಹಾಳೆ. 2020ರ ಆರಂಭದಲ್ಲಿ ಅವಳೇ ಬರೆದ ಪಂಚಾಂಗ. ನನ್ನಾಕೆ ಫೋನಿನಲ್ಲಿ ಅವಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದ ಕಾಲ ಅದು. ಒತ್ತಕ್ಷರದ ಪಾಠ ಇನ್ನೂ ಬಂದಿರಲಿಲ್ಲವೆಂದು ತೋರುತ್ತದೆ. ಮೇಲೆ "ಅಜಿ ಪಂಚಾಗ" ಎಂದಿದ್ದಿತು. ಕೆಳಗೆ ಬಣ್ಣದ ಸೀಸದ ಕಡ್ಡಿಯಲ್ಲಿ ಓರೆಗೇರಿಯ ನಕ್ಷೆ; ಅದರ ಮಗ್ಗುಲಲ್ಲಿ ನಾಲ್ಕು ಸಾಲು. ರೈಲು, ಎರಡು ಸಲ. ಬೆಣೆಪಾನಕ, ಬಿಸಿ 1, ತಣ್ಣಗೆ 1. ಫೋನು, ಅಜಿ ಮಾತಾಡೋದು. ಅಜಿ ಕೂರೋ ಜಾಗ. ಈ ಕೊನೆಯದರ ಎದುರಿಗೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ.

ಬೆಣ್ಣೆಪಾನಕದ ವಿವರಣೆ ಹೇಳಬೇಕು. ಕಥೆಯ ಮಾಂತ್ರಿಕರು ಕುಡಿಯುವ ಬಟರ್‌ಬಿಯರ್ ಎಂಬುದನ್ನು ಉದ್ಯಾನದಲ್ಲಿಯೂ ಮಾರುತ್ತಾರೆ. "ಬಿಯರು ಅಂದಮೇಲೆ ನಾನು ಮುಟ್ಟುವುದಿಲ್ಲವಮ್ಮ" ಎಂದು ನನ್ನಾಕೆ ಖಂಡಿತವಾಗಿ ಹೇಳಿಬಿಟ್ಟಿದ್ದಳು. ಅದರಲ್ಲಿ ಮದ್ಯವಿಲ್ಲ, ಸಕ್ಕರೆ ಕರಗಿಸಿದ ಬೆಣ್ಣೆಯ ರುಚಿ ಮಾತ್ರ ಎಂದು ಹುಡುಗಿ ಎರಡು ಭಾನುವಾರ ವಾದಿಸಿ ಒಪ್ಪಿಸಿದಳು. ಒಪ್ಪಿದ ಗುರುತಾಗಿ ಅದಕ್ಕೆ ಹೊಸ ಹೆಸರಾಯಿತು. ಆದರೂ ತಣ್ಣಗಿನದು ಹಲ್ಲಿಗೆ ಆಗದೆಂದು ಆಕೆ ಹೇಳಿದುದರಿಂದ, ಬಿಸಿಯಾಗಿಯೂ ದೊರೆಯುತ್ತದೆಂದು ವಿಚಾರಿಸಿ ಬರೆದಿದ್ದಾಳೆ.

ಮಗಳು ಆ ಹಾಳೆಯನ್ನು ನೋಡಿದಳು. "ಒಲೆಯ ಮೇಲೆ ಹಾಲಿಟ್ಟಿದ್ದೇನೆ" ಎಂದು ಎದ್ದುಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಎರಡು ಪಂಚಾಂಗಗಳನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಹಿಂದೆ ಎಷ್ಟೋ ವೇಳಾಪಟ್ಟಿಗಳನ್ನು ಬರೆದಿದ್ದೇನೆ. ಇಪ್ಪತ್ತೆರಡು ಮೇಷ್ಟರುಗಳಿಗೆ, ಹದಿನಾರು ತರಗತಿಗಳಿಗೆ, ಯಾರಿಗೂ ಮನಸ್ತಾಪವಾಗದಂತೆ. ಇದು ಅವೆಲ್ಲಕ್ಕಿಂತ ಕಠಿಣವಾಯಿತು. ತಾಯಿಯ ಪಟ್ಟಿಯ ಮೇರೆ ಬೆಳಗಿನ ಬಂಗಾರದ ಗಂಟೆ ಗಡ್ಡದ ಭೀಮನ ಸವಾರಿಗೆ ಸಲ್ಲಬೇಕು. ಆ ಸಾಲು ಹಗಲು ಹೊತ್ತಿನಲ್ಲಿ ಇಳಿಯುವುದೇ ಅಪರೂಪ. ಮಗಳ ಹಾಳೆಯ ಮೇರೆ ಮೊದಲು ರೈಲು, ಅದೂ ಓರೆಗೇರಿಯ ಕಡೆಯಿಂದ. ಎರಡೂ ಒಂದೇ ಗಂಟೆಯಲ್ಲಿ ಆಗತಕ್ಕದ್ದಲ್ಲ. ಹಳೆಯ ಹಾಳೆಯಲ್ಲಿ ಭೀಮನ ಸವಾರಿ ಇಲ್ಲದಿದ್ದುದಕ್ಕೆ ಕಾರಣವೂ ಸರಳ: ಆಗ ಅವಳಿಗೆ ಎರಡು ಅಂಗುಲ ಸಾಲದು, ಅಜ್ಜಿಗೆ ಮಂಡಿ ಸಾಲದು. ಇಬ್ಬರೂ ಹತ್ತಲಾಗದ್ದನ್ನು ಬಿಟ್ಟು, ಇಬ್ಬರಿಗೂ ಆಗುವುದನ್ನು ಮಾತ್ರ ಆ ಏಳು ವರ್ಷದ ಹುಡುಗಿ ಆರಿಸಿದ್ದಳು. ಮಂಡಿಯ ವಿಚಾರವಾಗಿ ಅಷ್ಟೆಲ್ಲ ಚಿಂತಿಸಿದ ನಾನು, ಕೂರುವುದಕ್ಕೆ ಒಂದು ಜಾಗ ಬೇಕೆಂಬುದನ್ನು ನನ್ನ ಅಚ್ಚುಕಟ್ಟಾದ ಪಂಚಾಂಗದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

"ನಿನಗೆ ಭೀಮನ ಸವಾರಿ ಬೇಡವೇನಮ್ಮ?" ಎಂದು ಕೇಳಿದೆ.

"ಬೇಕು ತಾತ. ತುಂಬಾ ಬೇಕು. ಆದರೆ ಫಸ್ಟು ಅಜ್ಜೀದು" ಎಂದಳು. ಒತ್ತಕ್ಷರ ಈಗ ಸರಿಯಾಗಿ ಬರುತ್ತದೆ.

ಹಾಗೆಂದಮೇಲೆ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಬೆಳಗಿನ ಗಂಟೆ ಹಳೆಯ ಹಾಳೆಗೆ, ರಾತ್ರಿಯ ಗಂಟೆ ಭೀಮನಿಗೆ. ನಡುವಣ ಹಗಲಿನಲ್ಲಿ ದೊರೆತದ್ದೇ ಲಾಭ. ಕೋಟೆಯ ಸವಾರಿಯನ್ನು ಹೊಡೆದುಹಾಕಿದೆವು. ಅಳಿಯನು ಏಕಾಕಿಗಳ ಸಾಲೆಂಬ ಉಪಾಯವೊಂದನ್ನು ತಂದನು. ಯಂತ್ರದಲ್ಲಿ ಅಲ್ಲೊಂದು ಇಲ್ಲೊಂದು ಉಳಿಯುವ ಆಸನಗಳಿಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ, ಸಾಲು ಬೇಗ ಸಾಗುತ್ತದೆ, ಆದರೆ ಮನೆಯವರು ಚದುರಿ ಕೂರಬೇಕಾಗುತ್ತದೆ. ಹುಡುಗಿ ಒಪ್ಪಲಿಲ್ಲ. ಮಗಳು ಕಾಲುಗಂಟೆಯ ಮನೆಗಳನ್ನೆಲ್ಲ ಅಳಿಸಿ ಹೊಸ ಪಟ್ಟಿಯನ್ನು ಅಚ್ಚುಮಾಡಿ ತಂದಳು. ಅದರಲ್ಲಿ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಏನೂ ಬರೆದಿರಲಿಲ್ಲ. ಅವಳ ಕೈಯಿಂದ ಅಂಥ ಖಾಲಿ ಜಾಗ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಡಿಸೆಂಬರ್ 28ರ ಬೆಳಗಿನ ಜಾವ ಕತ್ತಲಿನಲ್ಲಿಯೇ ಹೊರಟೆವು. ದ್ವಾರದ ಬಳಿ ನಮಗಿಂತ ಮುಂಚೆ ಬಂದವರು ಸಾವಿರಾರು ಜನ ಇದ್ದರು. ಒಂದು ಗಂಟೆ ಮುಂಚಿನ ಹಕ್ಕು ನಮಗೊಬ್ಬರಿಗೇ ಇಲ್ಲವಷ್ಟೆ. ಒಳಗೆ ಹೊಕ್ಕು ನಡೆದರೆ ಮೊದಲು ಕಾಣುವುದು ಲಂಡನ್ನಿನ ಮನೆಗಳ ಸಾಲು, ಮೂರಂತಸ್ತಿನ ನೇರಳೆಬಣ್ಣದ ಬಸ್ಸು, ಕೆಂಪು ಟೆಲಿಫೋನು ಗೂಡು. ಓರೆಗೇರಿ ಎಲ್ಲಿದೆಯೆಂದು ತೋರಿಸುವ ಫಲಕ ಎಲ್ಲಿಯೂ ಇಲ್ಲ. ಇಟ್ಟಿಗೆಗೋಡೆಯ ಸಂದಿಯಲ್ಲಿ ತಿರುಗಿದರೆ ತಟ್ಟನೆ ಬೀದಿ ತೆರೆದುಕೊಳ್ಳುತ್ತದೆ. ಸೊಟ್ಟಪಟ್ಟ ಅಂಗಡಿಗಳು, ತುದಿಯಲ್ಲಿ ಬಿಳಿಯ ಬ್ಯಾಂಕು, ಅದರ ಶಿಖರದ ಮೇಲೆ ಆಗಾಗ್ಗೆ ಬೆಂಕಿ ಉಗುಳುವ ಘಟಸರ್ಪ. ಬೀದಿ ನಿಜವಾಗಿಯೂ ಓರೆಯಾಗಿಯೇ ಇದ್ದಿತು. ನನ್ನಾಕೆಯ ಭಾಷಾಂತರ ಸರಿಯೆಂದು ಮನಸ್ಸಿನಲ್ಲಿ ಒಪ್ಪಿಕೊಂಡೆ.

ಮೊದಲು ಫೋನು. ಆ ಕೆಂಪು ಗೂಡಿನೊಳಗೆ 62442 ಎಂದು ಒತ್ತಬೇಕು. ಇಂಗ್ಲಿಷಿನಲ್ಲಿ ಮ್ಯಾಜಿಕ್ ಎಂಬ ಮಾತಿನ ಅಕ್ಷರಗಳು ಫೋನಿನಲ್ಲಿ ಆ ಅಂಕಿಗಳ ಮೇಲೆಯೇ ಬೀಳುತ್ತವೆ. ಆಗ ಮಾಂತ್ರಿಕರ ಸರ್ಕಾರದ ಕಚೇರಿಯಿಂದ ಹೆಂಗಸಿನ ಧ್ವನಿಯೊಂದು ಮಾತನಾಡುತ್ತದೆ. ಭಾನುವಾರದ ಅಜ್ಜಿಯಾದುದರಿಂದ ಅಜ್ಜಿಯೇ ಇಲ್ಲಿ ಮಾತನಾಡಬೇಕೆಂದು ಹುಡುಗಿ ಆಗ ಬರೆದದ್ದು. ಅಂಕಿಗಳನ್ನು ಒತ್ತಿ ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಹೊರಗೆ ಸರದಿ ಕಾಯುತ್ತಿದ್ದ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಏನು ಹೇಳಬೇಕೋ ನನಗೆ ತೋಚಲಿಲ್ಲ. ಧ್ವನಿ ಮುಗಿಯುವವರೆಗೆ ಕೇಳಿದೆ. ಯಾರೂ ಊಟಕ್ಕೆ ಹೊತ್ತಾಯಿತೆನ್ನಲಿಲ್ಲ. ಆಮೇಲೆ ಫೋನು ಇಟ್ಟೆ.

ರೈಲಿನ ವಿಷಯವಾಗಿ ಎರಡು ಮಾತು ಹೇಳದಿದ್ದರೆ ಮೊಮ್ಮಗಳು ಕ್ಷಮಿಸಳು. ನೋಡುವುದಕ್ಕೆ ಹಬೆಯ ರೈಲು. ವಾಸ್ತವವಾಗಿ ತಂತಿಹಗ್ಗದಿಂದ ಎಳೆಯುವ ಗಾಡಿ. ಎರಡು ಗಾಡಿಗಳು ಎರಡು ಕೊನೆಗಳಿಂದ ಒಟ್ಟಿಗೆ ಹೊರಟು ನಡುದಾರಿಯಲ್ಲಿ ಒಂದನ್ನೊಂದು ಹಾಯುತ್ತವೆ. ಕಿಟಕಿಯ ಹೊರಗೆ ಕಾಣುವ ಲಂಡನ್ನು, ಹೊಲ, ಬೆಟ್ಟಗಳೆಲ್ಲ ತೆರೆಯ ಮೇಲಿನ ಚಿತ್ರ. ಹೋಗುವಾಗ ಒಂದು ಚಿತ್ರ, ಬರುವಾಗ ಬೇರೆ. "ಎರಡು ಸಲ" ಎಂದು ಬರೆದಿದ್ದುದರ ಗುಟ್ಟು ಇದು. ಗಾಡಿ ಹತ್ತುವುದಕ್ಕೆ ಮುಂಚೆ ಕಥೆಯ ಒಂಬತ್ತೂ ಮುಕ್ಕಾಲನೆಯ ವೇದಿಕೆಯನ್ನು ದಾಟಬೇಕು. ಸಾಲಿನಲ್ಲಿ ಹಿಂದೆ ನಿಂತು ನೋಡಿದರೆ ಮುಂದಿನವರು ಇಟ್ಟಿಗೆಗೋಡೆಯೊಳಗೆ ನಡೆದು ಮಾಯವಾಗುವುದು ಕಾಣುತ್ತದೆ. ಕನ್ನಡಿಯ ಉಪಾಯವಂತೆ. ನಮ್ಮ ಸರದಿ ಬಂದು ನಾವೇ ನಡೆದಾಗ ನಮಗೆ ಏನೂ ಆಗಲಿಲ್ಲ, ಬರಿಯ ಓಣಿ. ಹುಡುಗಿ ನನ್ನನ್ನು ಮುಂದೆ ಕಳುಹಿಸಿ ಹಿಂದೆ ನಿಂತು ನೋಡಿದಳು. "ತಾತ, ನೀವು ಪೂರ್ತಿ ಹೋಗಿಬಿಟ್ಟಿರಿ!" ಎಂದು ಓಡಿಬಂದು ಕೈ ಹಿಡಿದುಕೊಂಡಳು. ಎಂಟು ಜನ ಕೂರುವ ಕೋಣೆಯಲ್ಲಿ ನಮ್ಮೊಡನೆ ಬೇರೊಂದು ಸಂಸಾರ ಕುಳಿತಿದ್ದಿತು. ಅವರ ಅಜ್ಜಿ ಉದ್ದಕ್ಕೂ ನಿದ್ರೆ ಮಾಡಿದರು.

ಹಾಗ್ಸ್‌ಮೀಡಿನಲ್ಲಿ ಮಾಡುಗಳ ಮೇಲೆಲ್ಲ ಹಿಮ ಕಟ್ಟಿದಂತೆ ಮಾಡಿದ್ದಾರೆ. ಕೆಳಗೆ ಜನ ಅಂಗಿಯ ತೋಳು ಮಡಿಚಿಕೊಂಡು ಹೋಗುತ್ತಿದ್ದರು. ಹಳ್ಳಿಯ ಬೀದಿಯೆಂದಮೇಲೆ ಕಿರಿದಾಗಿಯೇ ಇರಬೇಕಲ್ಲ! ಹನ್ನೊಂದು ಗಂಟೆಯ ಹೊತ್ತಿಗೆ ನಡೆಯುವುದೆಂದರೆ ಮುಂದಿನವರ ಬೆನ್ನನ್ನು ನೋಡುತ್ತ ಹೆಜ್ಜೆಗೆ ಹೆಜ್ಜೆ ಇಡುವುದಾಯಿತು. ಬೆಣ್ಣೆಪಾನಕದ ಗಾಡಿಯ ಮುಂದೆ ಮುಕ್ಕಾಲು ಗಂಟೆ ನಿಂತೆವು. ಹಾಳೆಯಲ್ಲಿದ್ದಂತೆಯೇ ಬಿಸಿಯದು ಒಂದು, ತಣ್ಣಗಿನದು ಒಂದು. ಬಿಸಿಯದು ನನ್ನ ಪಾಲಿಗೆ. ಸಕ್ಕರೆ ಕಾಯಿಲೆಯವನಾದ ನಾನು ನಾಲ್ಕು ಗುಟುಕು ಕುಡಿದು ಮಗಳ ಕೈಗೆ ಕೊಟ್ಟೆ. ಅವಳು ರುಚಿ ನೋಡಿ, "ಅಮ್ಮ ಇದ್ದಿದ್ದರೆ ಒಂದು ಚಿಟಿಕೆ ಏಲಕ್ಕಿ ಬೇಕಿತ್ತು ಅನ್ನುತ್ತಿದ್ದಳು" ಎಂದಳು. ಆ ದಿನ ಅವಳು ಅಮ್ಮನ ಮಾತೆತ್ತಿದ್ದು ಅದೇ ಮೊದಲು. ಕೂರೋಣವೆಂದು ಸುತ್ತ ನೋಡಿದರೆ ಒಂದು ಬೆಂಚೂ ಖಾಲಿಯಿರಲಿಲ್ಲ. ಗೋಡೆಯ ಗೂಟುಗಳು, ಮೆಟ್ಟಿಲಿನ ಅಂಚುಗಳು, ಎಲ್ಲ ಭರ್ತಿ. ನಿಂತೇ ಮುಗಿಸಿದೆವು. ಹುಡುಗಿ ಹಾಳೆಯನ್ನು ತೆಗೆದು ಮೂರು ಸಾಲುಗಳಿಗೆ ಗುರುತು ಹಾಕಿ ನಾಲ್ಕನೆಯದನ್ನು ಹಾಗೆಯೇ ಬಿಟ್ಟಳು.

ಮಧ್ಯಾಹ್ನದ ಖಾಲಿ ಮನೆಗಳನ್ನು ಹೇಗೆ ತುಂಬಿದೆವೆಂಬುದು ದೊಡ್ಡ ಸಂಗತಿಯಲ್ಲ. ಮಂತ್ರದಂಡದ ಅಂಗಡಿಯಲ್ಲಿ ದಂಡವೊಂದನ್ನು ಕೊಂಡೆವು. ನೆಲದಲ್ಲಿ ಹುದುಗಿಸಿರುವ ಹಿತ್ತಾಳೆಯ ಬಿಲ್ಲೆಯ ಮೇಲೆ ನಿಂತು ಅದರಲ್ಲಿ ತೋರಿಸಿದಂತೆ ಬೀಸಿದರೆ ಅಂಗಡಿಯ ಕಿಟಕಿಯಲ್ಲಿ ಏನಾದರೊಂದು ಅಲುಗುತ್ತದೆ. ನಾನೂ ಬೀಸಿದೆ, ಅಲುಗಲಿಲ್ಲ. "ಕಡಗೋಲಿನ ಥರ ತಿರುಗಿಸಿ ತಾತ" ಎಂದಳು. ತಿರುಗಿಸಿದೆ. ಆಗಲೂ ಇಲ್ಲ.

ರಾತ್ರಿ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಅಳಿಯನೂ ಹುಡುಗಿಯೂ ಭೀಮನ ಸಾಲಿಗೆ ಸೇರಿದರು. ಫಲಕದಲ್ಲಿ 110 ನಿಮಿಷ ಎಂದಿದ್ದಿತು. ಹಬ್ಬದ ಕಾಲವಾದುದರಿಂದ ಕೋಟೆಯ ಮೇಲೆ ಬಣ್ಣದ ಬೆಳಕಿನ ಚಿತ್ರಗಳನ್ನು ಬೀಳಿಸುತ್ತಿದ್ದರು. ಅದು ಮುಗಿದು ಜನ ಕರಗತೊಡಗಿದರು. ಬೀದಿಯ ಬದಿಯಲ್ಲಿ ಒಂದು ಬೆಂಚು ತೆರವಾಯಿತು. ನಾನೂ ಮಗಳೂ ಕುಳಿತೆವು. ಬೆಳಗಿನಿಂದ ಮೊದಲ ಸಲ ಮಂಡಿ ಮಡಿಚಿದ್ದು.

ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಮಗಳು, "ಅಪ್ಪ, ಆ ಡಿಸೆಂಬರಿನಲ್ಲಿ ನಾನು ಇನ್ನೂ ಸ್ವಲ್ಪ ಒತ್ತಾಯ ಮಾಡಬೇಕಾಗಿತ್ತು" ಎಂದಳು.

"ನೀನು ಮಾಡಿದೆ. ನಿಮ್ಮಮ್ಮನೂ ಮಾಡಿದಳು. ಜನ ಜಾಸ್ತಿ ಅಂತ ನಾನೇ ಬೇಡವೆಂದೆ."

ಅವಳು ಬೀದಿಯ ಕಡೆ ನೋಡಿದಳು. ಇನ್ನೂ ನೂರಾರು ಜನ ಇದ್ದರು. ನಿದ್ರೆಹೋದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡವರು, ಕಾಲೆಳೆಯುತ್ತ ನಡೆಯುವ ಮುದುಕರು, ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗುವ ಹುಡುಗನೊಬ್ಬ.

"ಜನ ಜಾಸ್ತೀನೇ ಇತ್ತು ಅಪ್ಪ" ಎಂದಳು.

"ಹೂಂ" ಎಂದೆ. ಅವಳು ನನ್ನ ಶಾಲನ್ನು ಎಳೆದು ಕಿವಿಯವರೆಗೆ ಹೊದಿಸಿದಳು.

ಎರಡು ಗಂಟೆಗೂ ಮೀರಿ ಕಳೆದಮೇಲೆ ತಂದೆ ಮಗಳು ಬಂದರು. ಹುಡುಗಿಯ ಕೂದಲು ಕೆದರಿದ್ದಿತು, ಧ್ವನಿ ಕಟ್ಟಿಹೋಗಿದ್ದಿತು. ಗಡ್ಡದ ಭೀಮನು ಹೇಗೆ ಮಾತನಾಡಿದನು, ಗಾಡಿ ಹೇಗೆ ಕಾಡಿನೊಳಗೆ ನುಗ್ಗಿತು, ನಡುವೆ ಹೇಗೆ ನಿಂತು ಹಿಂದಕ್ಕೆ ಓಡಿತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ನಾನು ನಡುನಡುವೆ ಪ್ರಶ್ನೆ ಕೇಳಿದೆ. ಹಿಂದಿನ ಪಾತ್ರದಲ್ಲಿ ಅದು ನನಗೆ ಇರಲಿಲ್ಲ. ಅಭ್ಯಾಸವಿಲ್ಲದುದರಿಂದ ಕೆಲವು ಪ್ರಶ್ನೆಗಳು ಪೆದ್ದಾಗಿಯೂ ಇದ್ದುವು. ಅವಳು ತಾಳ್ಮೆಯಿಂದ ಉತ್ತರ ಕೊಟ್ಟಳು.

ಹೇಳುವುದು ಮುಗಿದಮೇಲೆ ಅವಳು ಬೆಂಚನ್ನು ನೋಡಿದಳು. "ಅಷ್ಟು ಹೊತ್ತೂ ಇಲ್ಲೇ ಕೂತಿದ್ದಿರಾ ತಾತ?"

"ಇಲ್ಲೇ ಕೂತಿದ್ದೆವು."

ಚೀಲದಿಂದ ಹಾಳೆಯನ್ನು ತೆಗೆದಳು. ಸೀಸದ ಕಡ್ಡಿ ಎಲ್ಲಿಯೋ ಬಿದ್ದುಹೋಗಿದ್ದಿತು. ನನ್ನ ಜೇಬಿನಲ್ಲಿ ಮೇಷ್ಟರ ಕಾಲದಿಂದಲೂ ಒಂದು ಪೆನ್ನು ಇದ್ದೇ ಇರುತ್ತದೆ, ಕೊಟ್ಟೆ. ಎಡಗೈಯನ್ನು ಕೆಳಗೆ ಆತುಕೊಂಡು, ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿ, ನಕ್ಷೆಯ ಅಂಚಿನಲ್ಲಿ ಚೌಕವೊಂದನ್ನು ಬರೆದಳು. ದೀಪದವರು ಒಂದೊಂದಾಗಿ ಅಂಗಡಿಗಳ ಬೆಳಕನ್ನು ಆರಿಸುತ್ತ ಬರುತ್ತಿದ್ದರು. ನಾವು ಎದ್ದು ರೈಲಿಲ್ಲದ ದಾರಿಯಲ್ಲಿ ಹೊರಬಾಗಿಲಿನ ಕಡೆಗೆ ನಡೆದೆವು.